ದುಬೈಯಲ್ಲಿ ಕಂಪನಿ ಬದಲಿಸುವುದು: ಮೂರು ಸಹಿಗಳ ಲೆಕ್ಕ

ಕೆಲಸ ಬಿಡಬೇಕೆಂದಿರುವ ಊರಿನವರು ಫೋನ್ ಮಾಡಿದಾಗ ಮೊದಲು ಕೇಳುವುದು ಈಗಲೂ ಒಂದೇ ಮಾತು: "ಅಣ್ಣಾ, ಎನ್‌ಒಸಿ ಕೊಡದಿದ್ರೆ ಬ್ಯಾನ್ ಬೀಳ್ತದಾ?" ಎನ್‌ಒಸಿ ಅಂದರೆ ಬೇರೆ ಕಡೆ ಸೇರಲು ಅಡ್ಡಿಯಿಲ್ಲ ಎಂದು ಹಳೆಯ ಕಂಪನಿ ಕೊಡುವ ಪತ್ರ, ಬ್ಯಾನ್ ಅಂದರೆ ಹೊಸ ಕೆಲಸದ ಪರವಾನಗಿ (ಪರ್ಮಿಟ್) ಸಿಗದಂತೆ ಬೀಳುವ ತಡೆ. ಬಹಳ ವರ್ಷಗಳ ಹಿಂದೆ ಗಲ್ಫಿಗೆ ಬಂದ ಮಾವನೋ ಚಿಕ್ಕಪ್ಪನೋ ಹೇಳಿದ ಕಥೆ ಅವರ ತಲೆಯಲ್ಲಿ ಕೂತಿರುತ್ತದೆ. ಕಥೆ ಸುಳ್ಳೇನಲ್ಲ, ಹಳತಾಗಿದೆ ಅಷ್ಟೆ. 2012ರಲ್ಲಿ ನಾನು ಮೊದಲ ಕಂಪನಿ ಬಿಟ್ಟಾಗ ಆ ಒಂದು ಹಾಳೆಗಾಗಿ ಮ್ಯಾನೇಜರ್ ಕೋಣೆಯ ಹೊರಗೆ ನಾಲ್ಕು ದಿನ ಕೂತಿದ್ದೆ. 2016ರ ಜನವರಿ 1ರಿಂದ ನಿಯಮ ಸಡಿಲವಾಯಿತು. 2022ರ ಫೆಬ್ರವರಿ 2ರಿಂದ ಜಾರಿಗೆ ಬಂದ ಈಗಿನ ಕಾರ್ಮಿಕ ಕಾನೂನಿನ ಪ್ರಕಾರ ನೋಟಿಸ್ ಕೊಟ್ಟು, ಅದನ್ನು ಪೂರೈಸಿ ಹೊರಡುವವನಿಗೆ ಹಳೆಯ ಕಂಪನಿಯ ಎನ್‌ಒಸಿ ಬೇಕಿಲ್ಲ.

ಹಾಗಾದರೆ ಜನ ಸಿಕ್ಕಿಬೀಳುವುದೆಲ್ಲಿ? ನಾನು ಅಕೌಂಟ್ಸ್‌ನವನು, ಬಿಟ್ಟು ಹೋಗುವವರ ಸೆಟಲ್‌ಮೆಂಟ್ ಹಾಳೆ, ಅಂದರೆ ಬಾಕಿ ಹಣದ ಕೊನೆಯ ಲೆಕ್ಕ, ತಯಾರಿಸುವುದು ನನ್ನ ಕೆಲಸದ ಒಂದು ಭಾಗ. ನಾನು ನೋಡಿದ ಮಟ್ಟಿಗೆ ತೊಂದರೆಯಾಗುವುದು ಸಹಿಯ ಜಾಗದಲ್ಲಿ. ಕಂಪನಿ ಬದಲಿಸುವವನು ಮುಖ್ಯವಾಗಿ ಮೂರು ಸಹಿ ಹಾಕುತ್ತಾನೆ: ಹೊಸ ಆಫರ್ ಮೇಲೆ ಒಂದು, ರಾಜೀನಾಮೆಯ ಮೇಲೆ ಒಂದು, ವೀಸಾ ಕ್ಯಾನ್ಸಲ್ ಕಾಗದದ ಮೇಲೆ ಒಂದು. ಇದೇ ಅನುಕ್ರಮದಲ್ಲಿ, ಓದಿ ಹಾಕಿದರೆ ಹೆಚ್ಚಿನವರ ಕೆಲಸ ಸದ್ದಿಲ್ಲದೆ ಮುಗಿಯುತ್ತದೆ. ಅನುಕ್ರಮ ತಪ್ಪಿದರೆ ಕೈಯಲ್ಲಿ ಹಳೆಯ ಕೆಲಸವೂ ಇಲ್ಲ, ಹೊಸದೂ ಇಲ್ಲ.

ಇಲ್ಲಿ ಬರೆಯುವುದು ಯುಎಇಯ ಖಾಸಗಿ ಕಂಪನಿಗಳ ನೌಕರರಿಗೆ. ಫ್ರೀ ಝೋನ್‌ನವರಿಗೂ (ವ್ಯಾಪಾರಕ್ಕೆಂದು ಸರ್ಕಾರ ಬೇರೆಯಾಗಿ ಗುರುತಿಸಿದ ವಲಯಗಳ ಕಂಪನಿಯವರು) ಕಾನೂನು ಬಹುಪಾಲು ಇದೇ, ಕಾಗದ ಮಾತ್ರ ಆ ಝೋನ್‌ನ ಕಚೇರಿ ಮೂಲಕ ಓಡಾಡುತ್ತದೆ. ದುಬೈಯ ಡಿಐಎಫ್‌ಸಿ, ಅಬುಧಾಬಿಯ ಎಡಿಜಿಎಂ ಈ ಎರಡು ಹಣಕಾಸು ವಲಯಗಳಿಗೆ ಅವುಗಳದ್ದೇ ಉದ್ಯೋಗ ಕಾನೂನು ಇದೆ. ಮನೆಗೆಲಸದವರು ಮತ್ತು ಮನೆಯ ಡ್ರೈವರ್‌ಗಳಿಗೆ 2022ರಲ್ಲಿ ಬಂದ ಬೇರೆ ಕಾನೂನು ಅನ್ವಯಿಸುತ್ತದೆ. ಸೌದಿ, ಕತಾರ್, ಒಮಾನ್‌ನಲ್ಲಿರುವವರು ಇದನ್ನು ಓದಿ ಅಲ್ಲಿ ಪ್ರಯೋಗ ಮಾಡಬೇಡಿ. ಅಲ್ಲೂ ಎನ್‌ಒಸಿ ಹಿಡಿತ ಸಡಿಲವಾಗಿದೆ, ಆದರೆ ದಾರಿ ಬೇರೆ ಬೇರೆ.

ಮೊದಲು ನಿಮ್ಮದೇ ಕಾಂಟ್ರಾಕ್ಟ್ ಓದಿ

ಊರಿನ ಏಜೆಂಟ್ ಕೊಟ್ಟ ಕಾಗದವನ್ನೇ ಕಾಂಟ್ರಾಕ್ಟ್ ಎಂದುಕೊಂಡವರು ಬಹಳ. ಇಲ್ಲಿ ಲೆಕ್ಕಕ್ಕೆ ಬರುವುದು ಕಾರ್ಮಿಕ ಸಚಿವಾಲಯದಲ್ಲಿ, ಅಂದರೆ ಎಲ್ಲರೂ ಮೊಹ್ರೆ ಎನ್ನುವ ಕಚೇರಿಯಲ್ಲಿ, ನೋಂದಣಿಯಾದ ಕಾಂಟ್ರಾಕ್ಟ್. ಮೊಬೈಲಿಗೆ ಮೊಹ್ರೆ ಆ್ಯಪ್ ಹಾಕಿಕೊಂಡು ಯುಎಇ ಪಾಸ್ (ಸರ್ಕಾರದ ಡಿಜಿಟಲ್ ಗುರುತು) ಮೂಲಕ ಒಳಗೆ ಹೋದರೆ ನಿಮ್ಮ ಕಾಂಟ್ರಾಕ್ಟ್ ಸಿಗುತ್ತದೆ. ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳಿ. ಕೆಲಸ ಬಿಟ್ಟ ಮೇಲೆ ಹುಡುಕುವುದಕ್ಕಿಂತ ಈಗಲೇ ತೆಗೆದಿಡುವುದು ಸುಲಭ.

ಅದರಲ್ಲಿ ಬೇಸಿಕ್ ಸಂಬಳ ಎಷ್ಟಿದೆ ನೋಡಿ. ಕೈಗೆ ತಿಂಗಳಿಗೆ 4,500 ದಿರ್ಹಮ್ ಬರುತ್ತಿರಬಹುದು, ಕಾಂಟ್ರಾಕ್ಟಿನಲ್ಲಿ ಬೇಸಿಕ್ 1,800 ಎಂದಿರಬಹುದು. ಉಳಿದದ್ದು ಮನೆ ಬಾಡಿಗೆ, ಓಡಾಟದ ಭತ್ಯೆ. ಗ್ರಾಚ್ಯುಟಿಯ, ಅಂದರೆ ಕೆಲಸ ಬಿಡುವಾಗ ಸೇವೆಯ ವರ್ಷಗಳಿಗೆ ಸಿಗುವ ಹಣದ, ಲೆಕ್ಕ ಆ 1,800ರ ಮೇಲೆಯೇ ನಡೆಯುತ್ತದೆ. ಆಮೇಲೆ ನೋಟಿಸ್ ಅವಧಿ: ಕಾನೂನಿನ ಪ್ರಕಾರ 30 ದಿನಕ್ಕಿಂತ ಕಡಿಮೆ ಇರುವಂತಿಲ್ಲ, 90 ದಿನ ಮೀರುವಂತಿಲ್ಲ. ಹೊಸ ಕಂಪನಿಗೆ "ಮುಂದಿನ ತಿಂಗಳು ಸೇರ್ತೇನೆ" ಎಂದು ಹೇಳುವ ಮೊದಲು ಈ ಸಂಖ್ಯೆ ನೋಡಬೇಕು.

ಇನ್ನು, ಪ್ರತಿಸ್ಪರ್ಧಿ ಕಂಪನಿಗೆ ಸೇರುವಂತಿಲ್ಲ ಎಂಬ ಷರತ್ತು. ಸೇಲ್ಸ್‌ನವರು ಇದನ್ನು ಎರಡು ಸಲ ಓದಿ. ಗ್ರಾಹಕರ ಪಟ್ಟಿ, ವ್ಯಾಪಾರದ ಗುಟ್ಟು ತಿಳಿಯುವ ಕೆಲಸದಲ್ಲಿದ್ದವರಿಗೆ ಮಾತ್ರ ಇದನ್ನು ಹಾಕಬಹುದು. ಜಾಗ, ಕಾಲ, ಕೆಲಸದ ಬಗೆ ಇಂಥದ್ದೇ ಎಂದು ಬರೆದಿರಬೇಕು, 2 ವರ್ಷ ಮೀರಬಾರದು. ಆಫೀಸ್ ಬಾಯ್ ಕಾಂಟ್ರಾಕ್ಟಿನಲ್ಲೂ ಇದೇ ಷರತ್ತು ಅಂಟಿಸಿದ್ದನ್ನು ನೋಡಿದ್ದೇನೆ. ಅಲ್ಲಿ ಅದು ಬರಿಯ ಹೆದರಿಕೆಯ ಬೊಂಬೆ.

ಪ್ರೊಬೇಷನ್‌ನಲ್ಲಿದ್ದರೆ ಒಂದು ನಿಮಿಷ ನಿಲ್ಲಿ

ಪ್ರೊಬೇಷನ್ ಹೆಚ್ಚೆಂದರೆ 6 ತಿಂಗಳು. ಈ ಅವಧಿಯಲ್ಲಿ ಯುಎಇಯಲ್ಲೇ ಇನ್ನೊಂದು ಕಂಪನಿಗೆ ಹೋಗುವುದಾದರೆ ಕನಿಷ್ಠ ಒಂದು ತಿಂಗಳ ನೋಟಿಸ್ ಕೊಡಬೇಕು. ನಿಮ್ಮನ್ನು ಕರೆತರಲು ಹಳೆಯ ಕಂಪನಿ ಮಾಡಿದ ಖರ್ಚನ್ನು ಹೊಸ ಕಂಪನಿ ಭರಿಸಬೇಕು. ಹೊಸ ಕಂಪನಿ ಎಂಬುದಕ್ಕೆ ಅಡಿಗೆರೆ ಹಾಕಿಕೊಳ್ಳಿ. ನಿಮ್ಮ ಸಂಬಳದಿಂದ ಮುರಿದುಕೊಳ್ಳುವ ದುಡ್ಡಲ್ಲ ಅದು. ದೇಶವನ್ನೇ ಬಿಟ್ಟು ಹೋಗುವವರಿಗೆ 14 ದಿನದ ನೋಟಿಸ್ ಸಾಕು, ಆದರೆ 3 ತಿಂಗಳೊಳಗೆ ಬೇರೆ ಕಂಪನಿಯ ಪರ್ಮಿಟ್ ಮೇಲೆ ವಾಪಸ್ ಬಂದರೆ ಆ ಖರ್ಚಿನ ವಿಷಯ ಮತ್ತೆ ಏಳುತ್ತದೆ.

ನೋಟಿಸನ್ನೇ ಕೊಡದೆ "ಅಮ್ಮನಿಗೆ ಹುಷಾರಿಲ್ಲ" ಎಂದು ಮಂಗಳೂರಿನ ವಿಮಾನ ಹತ್ತಿ ಹೋಗಿಬಿಟ್ಟರೆ? ಹೊರಟ ದಿನದಿಂದ ಒಂದು ವರ್ಷ ಹೊಸ ಪರ್ಮಿಟ್ ಸಿಗದಂತಾಗಬಹುದು. ಊರಿನವರು ಹೆದರುವ ಆ ಬ್ಯಾನ್ ಪೂರ್ತಿ ಸತ್ತಿಲ್ಲ, ಇಂಥ ಮೂಲೆಗಳಲ್ಲಿ ಬದುಕಿದೆ. ಸಂಬಳದಲ್ಲಿ ಭಾರೀ ವ್ಯತ್ಯಾಸ ಇಲ್ಲದಿದ್ದರೆ ಪ್ರೊಬೇಷನ್ ಮುಗಿಸಿ ಹೊರಡುವುದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಖರ್ಚು ಭರಿಸಬೇಕು ಎಂದು ಗೊತ್ತಾದ ಕೂಡಲೇ ಹೊಸ ಕಂಪನಿಯ ಉತ್ಸಾಹ ಇಳಿದದ್ದನ್ನು ಕಂಡಿದ್ದೇನೆ.

ಮೊದಲ ಸಹಿ: ಆಫರ್

ಇಂಟರ್‌ವ್ಯೂ ಮುಗಿದ ಮೇಲೆ ಕಂಪನಿಯ ಲೆಟರ್‌ಹೆಡ್‌ನಲ್ಲಿ ಚೆಂದದ ಆಫರ್ ಲೆಟರ್ ಬರುತ್ತದೆ. ಅದನ್ನು ಹಿಡಿದು ಮರುದಿನವೇ ರಾಜೀನಾಮೆ ಕೊಡುವುದು ಅತಿ ಸಾಮಾನ್ಯ ತಪ್ಪು. ಲೆಟರ್‌ಹೆಡ್ ಆಫರ್ ಅಂದರೆ ಮಾತುಕತೆ. ನಿಮಗೆ ಬೇಕಾದದ್ದು ಮೊಹ್ರೆ ವ್ಯವಸ್ಥೆಯಿಂದ ಹೊರಟ ಆಫರ್. ಅದಕ್ಕೆ ಸಂಖ್ಯೆ ಇರುತ್ತದೆ, ಬಾರ್‌ಕೋಡ್ ಇರುತ್ತದೆ, ಅದು ಸರ್ಕಾರದ ದಾಖಲೆಯಲ್ಲಿ ಇದೆಯೇ ಎಂದು ನೀವೇ ನೋಡಬಹುದು. ಆಮೇಲೆ ಬರುವ ಕಾಂಟ್ರಾಕ್ಟ್ ಈ ಆಫರ್‌ಗೆ ಹೊಂದಿಕೆಯಾಗಬೇಕು. ಹಾಗಾಗಿ ಬೇಸಿಕ್ ಎಷ್ಟು, ಹುದ್ದೆ ಏನು, ವಾರದ ರಜೆ ಯಾವಾಗ, ನೋಟಿಸ್ ಎಷ್ಟು ದಿನ, ಎಲ್ಲದರ ಚೌಕಾಸಿ ಈ ಸಹಿಗೆ ಮೊದಲೇ ಮುಗಿಸಬೇಕು. "ಪೇಪರ್‌ನಲ್ಲಿ ಕಡಿಮೆ ಇರ್ತದೆ, ಕೈಗೆ ಜಾಸ್ತಿ ಕೊಡ್ತೇವೆ" ಅಂದರೆ ಬೇಡ ಅನ್ನಿ. ನಾಳೆ ಜಗಳವಾದರೆ ಪೇಪರ್ ಮಾತ್ರ ಮಾತಾಡುತ್ತದೆ ಮಾರಾಯ್ರೆ.

ವೀಸಾಕ್ಕೆಂದು ದುಡ್ಡು ಕೇಳಿದರೂ ಅಷ್ಟೆ. ನೌಕರಿಗೆ ಸೇರಿಸಿಕೊಳ್ಳುವ ಖರ್ಚನ್ನು ನೇರವಾಗಿಯೂ ಬಳಸು ದಾರಿಯಲ್ಲಿಯೂ ನೌಕರನಿಂದ ವಸೂಲು ಮಾಡುವಂತಿಲ್ಲ. ಪರ್ಮಿಟ್, ಮೆಡಿಕಲ್, ಎಮಿರೇಟ್ಸ್ ಐಡಿ (ಇಲ್ಲಿನ ಗುರುತಿನ ಚೀಟಿ) ಎಲ್ಲವೂ ಕಂಪನಿಯ ಖರ್ಚು. ಸೇರುವ ಮೊದಲೇ ಕೈಚಾಚುವ ಕಂಪನಿ ಸೇರಿದ ಮೇಲೆ ಸಂಬಳವನ್ನು ಹೇಗೆ ಕೊಟ್ಟೀತು, ನೀವೇ ಊಹಿಸಿ.

ಹೋಟೆಲ್ ಅಡುಗೆಯವರಿಗೆ, ಸೆಲೂನ್‌ನವರಿಗೆ, ಗ್ಯಾರೇಜಿನವರಿಗೆ ಇನ್ನೊಂದು ಆಮಿಷ ಬರುತ್ತದೆ: "ಎರಡು ದಿನ ಟ್ರಯಲ್‌ಗೆ ಬನ್ನಿ, ಕೈ ನೋಡುವ." ಹಳೆಯ ವೀಸಾದಲ್ಲಿರುವಾಗ ಬೇರೆ ಕಡೆ ದೋಸೆ ಹುಯ್ಯುವುದು ಕೂಡ ಪರ್ಮಿಟ್ ಇಲ್ಲದ ಕೆಲಸವೇ. ಹೀಗೆ ದುಡಿಸಿಕೊಳ್ಳುವ ಕಂಪನಿಗೆ 1 ಲಕ್ಷದಿಂದ 10 ಲಕ್ಷ ದಿರ್ಹಮ್‌ವರೆಗೆ ದಂಡ ಇದೆ. ತಪಾಸಣೆಯವರು ಬಂದ ದಿನ ಸಿಕ್ಕಿದರೆ ನಿಮ್ಮ ಮೇಲೂ ಕ್ರಮ ಬರುತ್ತದೆ.

ಹುದ್ದೆಗೆ ಡಿಗ್ರಿ ಬೇಕಿದ್ದರೆ ಅಟೆಸ್ಟೇಷನ್ ಆದ ಮೂಲ ಪ್ರಮಾಣಪತ್ರ ಎಲ್ಲಿದೆ ಎಂದು ಈಗಲೇ ನೋಡಿ. ಕರ್ನಾಟಕ ಸರ್ಕಾರ, ದೆಹಲಿಯ ವಿದೇಶಾಂಗ ಸಚಿವಾಲಯ, ಯುಎಇ ರಾಯಭಾರ ಕಚೇರಿ, ಕೊನೆಗೆ ಇಲ್ಲಿನ ವಿದೇಶಾಂಗ ಸಚಿವಾಲಯ, ಇಷ್ಟೂ ಠಸ್ಸೆ ಬಿದ್ದದ್ದು ಒಮ್ಮೆ ಆದರೆ ಹೊಸ ಕಂಪನಿಗೂ ಆಗುತ್ತದೆ. ಹಿಂದೆ ಅಟೆಸ್ಟೇಷನ್ ಮಾಡಿಸದೆ ಕೆಳಗಿನ ಹುದ್ದೆಯ ಹೆಸರಲ್ಲಿ ಬಂದವರು ಈಗ ಊರಿಗೆ ಕಳುಹಿಸಿ ಮಾಡಿಸಬೇಕು, ಅದಕ್ಕೆ ವಾರಗಳು ಬೇಕು. ಪ್ರಮಾಣಪತ್ರ ಹಳೆಯ ಕಂಪನಿಯ ಕಪಾಟಿನಲ್ಲಿದ್ದರೆ ರಾಜೀನಾಮೆಗೆ ಮೊದಲೇ ಏನಾದರೂ ನೆಪ ಹೇಳಿ ತೆಗೆದುಕೊಳ್ಳಿ. ಪಾಸ್‌ಪೋರ್ಟನ್ನೂ ಕಂಪನಿ ಹಿಡಿದಿಟ್ಟುಕೊಳ್ಳುವಂತಿಲ್ಲ. ಹಿಡಿದಿಟ್ಟುಕೊಳ್ಳುವವರು ಈಗಲೂ ಇದ್ದಾರೆ ಎಂಬುದು ಬೇರೆ ಮಾತು.

ಎರಡನೇ ಸಹಿ: ರಾಜೀನಾಮೆ

ಬಾಯಿಮಾತಿನ ರಾಜೀನಾಮೆ ಬೇಡ. ಇಮೇಲ್ ಮಾಡಿ, ನಿಮ್ಮ ಖಾಸಗಿ ಇಮೇಲಿಗೂ ಒಂದು ಪ್ರತಿ ಹಾಕಿಕೊಳ್ಳಿ. ಕಂಪನಿಯ ಇಮೇಲ್ ಮರುದಿನ ಬಂದ್ ಆದರೆ ಪುರಾವೆ ಅದೊಂದೇ. ನಾಲ್ಕು ಸಾಲು ಸಾಕು: ಹುದ್ದೆಗೆ ರಾಜೀನಾಮೆ ಕೊಡುತ್ತಿದ್ದೇನೆ, ನೋಟಿಸ್ ಇಷ್ಟು ದಿನ, ಕೆಲಸದ ಕೊನೆಯ ದಿನ ಇದು, ಬಾಕಿ ಲೆಕ್ಕ ಚುಕ್ತಾ ಮಾಡಬೇಕಾಗಿ ಕೋರಿಕೆ. ಎಲ್ಲಿಗೆ ಹೋಗುತ್ತಿದ್ದೀರಿ ಎಂದು ಬರೆಯಬೇಕಿಲ್ಲ. ಸಿಟ್ಟಿದ್ದರೆ ಆ ಸಿಟ್ಟನ್ನು ರೂಮಿನ ಗೆಳೆಯರ ಹತ್ತಿರ ತೀರಿಸಿಕೊಳ್ಳಿ, ಪತ್ರದಲ್ಲಿ ಬೇಡ.

ನೋಟಿಸ್ ಅವಧಿಯಲ್ಲಿ ಸಂಬಳ ಪೂರ್ತಿ ಬರಬೇಕು. ಅರ್ಧಕ್ಕೇ ಹೊರಟರೆ ಉಳಿದ ದಿನಗಳ ಸಂಬಳ ನೀವು ಕಂಪನಿಗೆ ಕೊಡಬೇಕಾಗುತ್ತದೆ. ಕಂಪನಿಯೇ ಬೇಗ ಬಿಡಿಸಿದರೆ ಅವರು ನಿಮಗೆ ಕೊಡಬೇಕು. ಇಬ್ಬರೂ ಒಪ್ಪಿ ಅವಧಿ ಕಡಿಮೆ ಮಾಡಿಕೊಳ್ಳಬಹುದು, ಅದೂ ಬರಹದಲ್ಲಿರಲಿ. ಇನ್ನು, ಈ ದಿನಗಳಲ್ಲಿ ಹೇಳದೆ ಕೇಳದೆ ಕೆಲಸಕ್ಕೆ ತಪ್ಪಿಸಬೇಡಿ. ಸತತ 7 ದಿನಕ್ಕಿಂತ ಹೆಚ್ಚು ಕಾರಣ ತಿಳಿಸದೆ ಗೈರಾದವನ ಮೇಲೆ ಕಂಪನಿ ಕೆಲಸ ಬಿಟ್ಟು ಓಡಿಹೋದ ದೂರು ಕೊಡಬಹುದು. ಇದನ್ನೇ ನಮ್ಮವರು ಆಬ್ಸ್ಕಾಂಡಿಂಗ್ ಎನ್ನುವುದು. ಅದು ಬಿದ್ದರೆ ಹೊಸ ಪರ್ಮಿಟ್ ಅಲ್ಲಿಗೇ ನಿಂತಿತು. ಜ್ವರ ಬಂದರೆ ಕ್ಲಿನಿಕ್‌ನ ಸಿಕ್ ಲೀವ್ ಕಾಗದ ತಂದು ಇಮೇಲಿನಲ್ಲೇ ಕಳುಹಿಸಿ.

ನೋಟಿಸ್ ದಿನಗಳಲ್ಲಿ ಕೂತು ಮಾಡುವ ಲೆಕ್ಕ

ನಿಮ್ಮ ಬಾಕಿ ಎಷ್ಟು ಎಂದು ಅಕೌಂಟ್ಸ್‌ನವರು ಹೇಳುವ ಮೊದಲೇ ನಿಮಗೆ ಗೊತ್ತಿರಬೇಕು. ಗ್ರಾಚ್ಯುಟಿಗೆ ಕನಿಷ್ಠ ಒಂದು ವರ್ಷ ಪೂರ್ತಿ ಆಗಿರಬೇಕು. ಮೊದಲ 5 ವರ್ಷಕ್ಕೆ ವರ್ಷಕ್ಕೆ 21 ದಿನದ ಬೇಸಿಕ್, ಆಮೇಲಿನ ವರ್ಷಗಳಿಗೆ 30 ದಿನದ್ದು. ವರ್ಷದ ತುಣುಕಿಗೂ ಅದರ ಪ್ರಮಾಣದಲ್ಲಿ ಸೇರುತ್ತದೆ, ಸಂಬಳವಿಲ್ಲದ ರಜೆಯ ದಿನ ಕಳೆಯುತ್ತದೆ.

ಉದಾಹರಣೆಗೆ ಕೊನೆಯ ಬೇಸಿಕ್ 3,000 ದಿರ್ಹಮ್, ಸೇವೆ ಆರೂವರೆ ವರ್ಷ ಅನ್ನಿ. 30ರಿಂದ ಭಾಗಿಸಿದರೆ ದಿನಕ್ಕೆ 100. ಮೊದಲ 5 ವರ್ಷಕ್ಕೆ 105 ದಿನ, ಉಳಿದ ಒಂದೂವರೆ ವರ್ಷಕ್ಕೆ 45 ದಿನ, ಒಟ್ಟು 150 ದಿನ. ಅಂದರೆ 15,000 ದಿರ್ಹಮ್. ಬಳಸದ 20 ದಿನದ ವಾರ್ಷಿಕ ರಜೆ ಉಳಿದಿದ್ದರೆ ಅದರ 2,000 ಬೇರೆ. ಹಳೆಯ ಕಾನೂನಿನಲ್ಲಿ ತಾನಾಗಿ ಬಿಟ್ಟವನ ಗ್ರಾಚ್ಯುಟಿ ಮೂರನೇ ಒಂದಕ್ಕೆ ಇಳಿಯುವುದಿತ್ತು, ಈಗ ಆ ಕಡಿತ ಇಲ್ಲ. "ರಿಸೈನ್ ಮಾಡಿದ್ದಲ್ವಾ, ಅಷ್ಟು ಬರೂದಿಲ್ಲ" ಎಂದು ಯಾರಾದರೂ ಹೇಳಿದರೆ ಅವರ ಕ್ಯಾಲೆಂಡರ್ 2022ಕ್ಕಿಂತ ಹಿಂದೆಯೇ ನಿಂತಿದೆ. ವಿಮಾನದ ಟಿಕೆಟ್ ಮಾತ್ರ ಕೇಳಬೇಡಿ: ಊರಿಗೆ ಕಳುಹಿಸುವ ಖರ್ಚು ಕಂಪನಿಯದ್ದೇ ಆದರೂ ಇಲ್ಲೇ ಬೇರೆ ಕಂಪನಿಗೆ ಸೇರುವವನಿಗೆ ಅದು ಸಲ್ಲುವುದಿಲ್ಲ.

ಬ್ಯಾಂಕಿನಲ್ಲಿ ಸಾಲ ಇದೆಯೇ? ಹಾಗಿದ್ದರೆ ಗ್ರಾಚ್ಯುಟಿ ಖಾತೆಗೆ ಬೀಳುವ ಮೊದಲೇ ಬ್ಯಾಂಕಿಗೆ ಹೋಗಿ ಮಾತಾಡಿ. ಸಂಬಳದ ಮೇಲೆ ಕೊಟ್ಟ ಸಾಲ ಬಾಕಿ ಇರುವಾಗ ಸೆಟಲ್‌ಮೆಂಟ್ ಮೊತ್ತ ಬಂದದ್ದು ಕಂಡರೆ ಬ್ಯಾಂಕ್ ಖಾತೆಯನ್ನು ತಡೆಹಿಡಿಯುವುದುಂಟು. ಹೊಸ ಕಂಪನಿಯ ಆಫರ್ ತೋರಿಸಿ, ಸಂಬಳ ಇದೇ ಖಾತೆಗೆ ಬರುತ್ತದೆ ಎಂದು ತಿಳಿಸಿದರೆ ಸಾಮಾನ್ಯವಾಗಿ ದಾರಿ ಸಿಗುತ್ತದೆ.

ಹೆಂಡತಿ ಮಕ್ಕಳು ನಿಮ್ಮ ಸ್ಪಾನ್ಸರ್‌ಶಿಪ್‌ನಲ್ಲಿದ್ದರೆ ಈ ಹಂತ ಇನ್ನೂ ಸೂಕ್ಷ್ಮ. ನಿಮ್ಮ ವೀಸಾ ಕ್ಯಾನ್ಸಲ್ ಆಗುವ ಮೊದಲು ಅವರ ವೀಸಾವನ್ನು ಹೋಲ್ಡ್‌ಗೆ ಹಾಕಿಸಬೇಕು, ಅಂದರೆ ನಿಮ್ಮ ಹೊಸ ವೀಸಾ ಬರುವವರೆಗೆ ರದ್ದಾಗದಂತೆ ತಡೆದಿಡಿಸಬೇಕು. ದುಬೈಯಲ್ಲಾದರೆ ವೀಸಾದ ಕೆಲಸ ಮಾಡಿಕೊಡುವ ಆಮರ್ ಸೆಂಟರ್‌ಗೆ ಹೋಗಿ ಕೇಳಿ. ಕುಟುಂಬವನ್ನು ಇಟ್ಟುಕೊಳ್ಳಲು ಸಂಬಳ 4,000 ದಿರ್ಹಮ್, ಅಥವಾ 3,000 ಮತ್ತು ಕಂಪನಿ ಕೊಡುವ ವಸತಿ ಇರಬೇಕು ಎಂಬುದನ್ನೂ ಹೊಸ ಆಫರ್ ನೋಡುವಾಗಲೇ ನೆನಪಿಟ್ಟುಕೊಳ್ಳಿ. ಆರೋಗ್ಯ ವಿಮೆಯೂ ಹಳೆಯ ಕಂಪನಿಯ ಜೊತೆಗೇ ಹೋಗುತ್ತದೆ. ಹಲ್ಲು, ಕಣ್ಣು, ಮಗುವಿನ ಲಸಿಕೆ, ಏನಿದ್ದರೂ ಕಾರ್ಡ್ ನಡೆಯುತ್ತಿರುವಾಗಲೇ ಮುಗಿಸಿ.

ಹೆಚ್ಚಿನವರು ಮರೆಯುವ ಸಂಗತಿ ಇನ್ನೊಂದಿದೆ. 2023ರ ಜನವರಿ 1ರಿಂದ ಉದ್ಯೋಗ ನಷ್ಟದ ವಿಮೆ ಕಡ್ಡಾಯ, ಐಎಲ್‌ಒಇ ಎನ್ನುತ್ತಾರೆ. ಬೇಸಿಕ್ 16,000ದವರೆಗೆ ಇರುವವರಿಗೆ ತಿಂಗಳಿಗೆ 5 ದಿರ್ಹಮ್, ಮೇಲಿನವರಿಗೆ 10. ಮಾಡಿಸದಿದ್ದರೆ 400 ದಿರ್ಹಮ್ ದಂಡ, ಮಾಡಿಸಿ ಮೂರು ತಿಂಗಳಿಗಿಂತ ಹೆಚ್ಚು ಕಂತು ತಪ್ಪಿಸಿದರೆ 200. ದಂಡ ಬಾಕಿ ಇದ್ದರೆ ಹೊಸ ವರ್ಕ್ ಪರ್ಮಿಟ್ ಹೊರಡುವುದಿಲ್ಲ. ಐದು ದಿರ್ಹಮ್‌ನ ವಿಷಯಕ್ಕೆ ಇಡೀ ಫೈಲ್ ನಿಂತು, ಪಿಆರ್‌ಒ (ಕಂಪನಿಯ ಸರ್ಕಾರಿ ಕಾಗದಪತ್ರ ನೋಡಿಕೊಳ್ಳುವವನು) ಬೈಯುವುದು ಯಾಕೆ? ಮೊದಲೇ ನೋಡಿ ಕಟ್ಟಿಬಿಡಿ. ತಾನಾಗಿ ರಾಜೀನಾಮೆ ಕೊಟ್ಟವನಿಗೆ ಈ ವಿಮೆಯಿಂದ ಹಣ ಬರುವುದಿಲ್ಲ. ಕಂಪನಿಯೇ ತೆಗೆದುಹಾಕಿದ್ದರೆ, ಸತತ 12 ತಿಂಗಳು ಕಟ್ಟಿದ್ದರೆ, ಬೇಸಿಕ್‌ನ ಶೇ. 60ರಷ್ಟು ಹೆಚ್ಚೆಂದರೆ 3 ತಿಂಗಳು ಸಿಗುತ್ತದೆ. 30 ದಿನದೊಳಗೆ ಅರ್ಜಿ ಹಾಕಬೇಕು.

ಮೂರನೇ ಸಹಿ: ಕ್ಯಾನ್ಸಲ್ ಕಾಗದ

ಕೊನೆಯ ದಿನದ ಆಸುಪಾಸಿನಲ್ಲಿ ಪಿಆರ್‌ಒ ಒಂದು ಕಾಗದ ತಂದು "ಇಲ್ಲೊಂದು ಸೈನ್" ಎನ್ನುತ್ತಾನೆ. ಲೇಬರ್ ಪರ್ಮಿಟ್ ಕ್ಯಾನ್ಸಲ್ ಮಾಡುವ ಅರ್ಜಿ ಅದು. ನನಗೆ ಬರಬೇಕಾದ ಎಲ್ಲ ಬಾಕಿ ಸಂದಿದೆ ಎಂಬ ಅರ್ಥದ ಮಾತು ಅದರಲ್ಲೇ ಇರುತ್ತದೆ, ಅರಬಿಯಲ್ಲೂ ಇಂಗ್ಲಿಷ್‌ನಲ್ಲೂ. ಹಣ ಬಂದಿಲ್ಲದೆ ಸಹಿ ಹಾಕಿದಿರೋ, ಆಮೇಲೆ ದೂರು ಕೊಡುವಾಗ ಎದುರಿನವರು ಮೊದಲು ತೋರಿಸುವ ಕಾಗದ ಇದೇ. ನನ್ನ ಪರಿಚಯದ ಒಬ್ಬ ಸ್ಟೋರ್ ಕೀಪರ್ ಹೀಗೆ ಸಹಿ ಹಾಕಿ, "ಮುಂದಿನ ವಾರ ಚೆಕ್" ಎಂಬ ಮಾತು ನಂಬಿ, ಎಂಟು ವರ್ಷದ ಗ್ರಾಚ್ಯುಟಿಗಾಗಿ ತಿಂಗಳುಗಟ್ಟಲೆ ಓಡಾಡಿದ.

ಕೆಲಸ ಮುಗಿದ 14 ದಿನದೊಳಗೆ ಎಲ್ಲ ಬಾಕಿ ಕೊಡಬೇಕು ಎಂದು ಕಾನೂನಿದೆ. ಸೆಟಲ್‌ಮೆಂಟ್ ಹಾಳೆ ಕೇಳಿ, ನಿಮ್ಮ ಲೆಕ್ಕದ ಪಕ್ಕ ಇಟ್ಟು ನೋಡಿ, ಹಣ ಖಾತೆಗೆ ಬಿದ್ದದ್ದು ಖಾತರಿಯಾದ ಮೇಲೆ ಸಹಿ ಹಾಕಿ. ಕಂಪನಿಗಳು "ಮೊದಲು ಸೈನ್, ಆಮೇಲೆ ಹಣ" ಎಂದು ಹಟ ಹಿಡಿಯುವುದು ಮಾಮೂಲಿ. ಆಗ ಕನಿಷ್ಠ ಪಕ್ಷ ಇಷ್ಟು ಮೊತ್ತ ಬಾಕಿ ಇದೆ, ಇಂಥ ದಿನ ಕೊಡುತ್ತೇವೆ ಎಂಬ ಇಮೇಲ್ ಹುಟ್ಟಿಸಿಕೊಳ್ಳಿ. ಖಾಲಿ ಹಾಳೆಗೆ, ಮೊತ್ತದ ಜಾಗ ಬಿಟ್ಟ ಹಾಳೆಗೆ, ಓದಲು ಬಿಡದ ಹಾಳೆಗೆ ಸಹಿ ಬೇಡವೇ ಬೇಡ.

ಕ್ಯಾನ್ಸಲ್ ದೇಶದೊಳಗೆ ಇದ್ದುಕೊಂಡೇ ಆಗುವಂಥದ್ದಿರಲಿ. ಆಗ ವೀಸಾ ಮುಗಿದ ಮೇಲೂ ಇಲ್ಲಿರಲು ಗ್ರೇಸ್ ಅವಧಿ ಸಿಗುತ್ತದೆ. ಎಷ್ಟು ದಿನ ಎಂಬುದು ನಿಮ್ಮ ವರ್ಗದ ಮೇಲೆ ನಿಂತಿದೆ, ಕೆಲವು ವರ್ಗಗಳಿಗೆ 180 ದಿನದವರೆಗೂ ಉಂಟು. ನಿಮ್ಮ ಕಾಗದದ ಮೇಲೆ ಬರೆದ ತಾರೀಕೇ ಪ್ರಮಾಣ. ಅದು ದಾಟಿದರೆ ದಿನಕ್ಕೆ 50 ದಿರ್ಹಮ್ ದಂಡ.

ಹೊಸ ವೀಸಾ

ಇಲ್ಲಿಂದ ಮುಂದಿನದು ಬಹುತೇಕ ಹೊಸ ಪಿಆರ್‌ಒ ಕೆಲಸ. ಹಳೆಯ ಪರ್ಮಿಟ್ ಕ್ಯಾನ್ಸಲ್ ಆದ ಮೇಲೆ ಹೊಸ ಪರ್ಮಿಟ್, ಸ್ಟೇಟಸ್ ಚೇಂಜ್ (ದೇಶ ಬಿಡದೆಯೇ ಹೊಸ ವೀಸಾಕ್ಕೆ ಬದಲಾಗುವುದು), ಮೆಡಿಕಲ್‌ನಲ್ಲಿ ರಕ್ತಪರೀಕ್ಷೆ ಮತ್ತು ಎದೆಯ ಎಕ್ಸ್‌ರೇ, ಎಮಿರೇಟ್ಸ್ ಐಡಿಗೆ ಬೆರಳಚ್ಚು, ಕಾಂಟ್ರಾಕ್ಟ್. ಪಾಸ್‌ಪೋರ್ಟಿನಲ್ಲಿ ವೀಸಾ ಅಂಟಿಸುವುದು 2022ರಲ್ಲೇ ನಿಂತಿದೆ, ಈಗ ಐಡಿ ಕಾರ್ಡೇ ಸಾಕ್ಷಿ. ಈ ನಡುವೆ ಊರಿಗೆ ಹೋಗಿಬರುವ ಆಸೆ ಬೇಡ. ಸ್ಟೇಟಸ್ ಚೇಂಜ್ ನಡೆಯುತ್ತಿರುವಾಗ ಹೊರಗೆ ಹೋದರೆ ಎಂಟ್ರಿ ಪರ್ಮಿಟ್‌ನಿಂದ ಎಲ್ಲ ಮತ್ತೆ ಶುರು. ಮದುವೆಯೋ ಗೃಹಪ್ರವೇಶವೋ ಇದ್ದರೆ ಹೊಸ ಕಂಪನಿಗೆ ಮೊದಲೇ ಹೇಳಿ, ಕ್ಯಾನ್ಸಲ್ ಮಾಡಿಸಿಕೊಂಡು ಹೋಗಿ, ಅವರ ಎಂಟ್ರಿ ಪರ್ಮಿಟ್ ಮೇಲೆ ವಾಪಸ್ ಬನ್ನಿ.

ಹಣ ಕೊಡದಿದ್ದರೆ, ಸುಳ್ಳು ದೂರು ಹಾಕಿದರೆ

ಮೊಹ್ರೆ ಆ್ಯಪ್‌ನಲ್ಲೇ ದೂರು ಕೊಡಬಹುದು, 80084ಕ್ಕೆ ಫೋನ್ ಕೂಡ ಮಾಡಬಹುದು. ಫ್ರೀ ಝೋನ್‌ನವರು ಮೊದಲು ಝೋನ್ ಕಚೇರಿಗೆ ಹೋಗಬೇಕು. ಎರಡೂ ಕಡೆಯವರನ್ನು ಕರೆದು ರಾಜಿ ಮಾಡಿಸುವ ಪ್ರಯತ್ನ ಮೊದಲು ನಡೆಯುತ್ತದೆ. 2024ರಿಂದ 50,000 ದಿರ್ಹಮ್‌ವರೆಗಿನ ಜಗಳಗಳನ್ನು ಸಚಿವಾಲಯವೇ ತೀರ್ಮಾನಿಸಬಹುದು. ಅದಕ್ಕಿಂತ ದೊಡ್ಡದು ಕೋರ್ಟಿಗೆ ಹೋಗುತ್ತದೆ, 1 ಲಕ್ಷದೊಳಗಿನ ಮೊತ್ತಕ್ಕೆ ನೌಕರನಿಂದ ಕೋರ್ಟ್ ಶುಲ್ಕ ಕೇಳುವುದಿಲ್ಲ. ಕೆಲಸ ಮುಗಿದ 2 ವರ್ಷದೊಳಗೆ ದೂರು ಕೊಡಬೇಕು. ಎರಡು ವರ್ಷ ಇದೆಯಲ್ಲ ಎಂದು ಕೂರಬೇಡಿ. ಗ್ರೇಸ್ ಅವಧಿ ಅಷ್ಟು ದಿನ ಕಾಯುವುದಿಲ್ಲ.

ನೀವು ದಿನಾ ಕೆಲಸಕ್ಕೆ ಹೋಗುತ್ತಿದ್ದಾಗಲೂ ಆಬ್ಸ್ಕಾಂಡಿಂಗ್ ಹಾಕಿದ್ದರೆ ಅದನ್ನೂ ಮೊಹ್ರೆಯಲ್ಲಿ ಪ್ರಶ್ನಿಸಬಹುದು. ಹಾಜರಾತಿಯ ಫೋಟೊ, ವಾಟ್ಸ್‌ಆ್ಯಪ್ ಸಂದೇಶ, ರಾಜೀನಾಮೆಯ ಇಮೇಲ್, ಇವೇ ಆಗ ಕೈಹಿಡಿಯುವುದು. ಭಾಷೆಯ ತೊಂದರೆ ಇದ್ದರೆ ಅಥವಾ ದಿಕ್ಕು ತೋಚದಿದ್ದರೆ ದುಬೈಯ ಭಾರತೀಯ ಕಾನ್ಸುಲೇಟ್‌ನ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರಕ್ಕೆ 80046342ರಲ್ಲಿ ಕರೆ ಮಾಡಿ. ಅಲ್ಲಿ ಕಾನೂನು ಸಲಹೆಯೂ ಸಿಗುತ್ತದೆ.

ಹೊಸ ಕಂಪನಿಯಲ್ಲಿ ಮೊದಲ ಸಂಬಳ ಬಂದ ದಿನ ಇನ್ನೊಂದು ಕೆಲಸ ಬಾಕಿ ಇದೆ. ಬ್ಯಾಂಕ್ ಮೆಸೇಜ್ ತೆರೆದು, ಪಕ್ಕದಲ್ಲಿ ಮೊಹ್ರೆ ಆ್ಯಪ್‌ನ ಹೊಸ ಕಾಂಟ್ರಾಕ್ಟ್ ಇಟ್ಟು, ಮೊತ್ತ ಒಂದೇ ಇದೆಯೇ ನೋಡಿ. ವ್ಯತ್ಯಾಸ ಇದ್ದರೆ ಅದೇ ವಾರ ಎಚ್‌ಆರ್‌ಗೆ ಇಮೇಲ್ ಹಾಕಿ. ಎಲ್ಲ ಸರಿ ಇದ್ದರೆ, ಹೋಲ್ಡ್‌ನಲ್ಲಿರುವ ಮನೆಯವರ ವೀಸಾ ಬಿಡಿಸಲು ಆಮರ್ ಸೆಂಟರ್‌ಗೆ ಹೋಗಿಬನ್ನಿ.